ಚೆಡುಗುಡುವಿನಿಂದ ಕಬಡ್ಡಿಯವರೆಗೆ: ನಮ್ಮ ಆಟವೊಂದಕ್ಕೆ ಲೋಕಮನ್ನಣೆ ದೊರೆತ ಬಗೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಆಟವೊಂದರ ಚರಿತ್ರೆಯನ್ನು ಬರೆಯುವುದು ಉಚಿತವೇ ಎಂಬ ಸಂದೇಹ ಕೆಲವರಿಗೆ ಬಂದೀತು. ಶಾಸನ, ಕೋಟೆ, ಪಾಳೆಯಗಾರರು, ಹೇಮಾವತಿಯ ನೊಳಂಬರು ಇವರನ್ನು ಕುರಿತು ಬರೆಯಬಲ್ಲ ವಿದ್ವಾಂಸರು ನಮ್ಮ ಸಂಘದಲ್ಲಿ ಹಲವರಿದ್ದಾರೆ. ಹಿಂದಿನ ಸಂಚಿಕೆಗಳಲ್ಲಿ ಅವರು ಬರೆದೂ ಇದ್ದಾರೆ. ಶಾಲೆಯ ಗಂಟೆ, ಹಾಜರಿ ಪುಸ್ತಕ, ಆಟದ ಬಯಲು ಇವುಗಳ ನಡುವೆ ಆಯುಷ್ಯವನ್ನು ಸವೆಸಿದ ನಮಗೆ ಸಮೀಪದಿಂದ ಗೊತ್ತಿರುವ ಚರಿತ್ರೆ ಎಂದರೆ ಬಯಲಿನದು. ಆ ಬಯಲಿನಲ್ಲಿ ನಾವು ಕಂಡ ಆಟಗಳಲ್ಲಿ ಒಂದು ಮಾತ್ರ ಗಡಿಗಳನ್ನು ದಾಟಿ ಪರದೇಶಗಳ ಮನ್ನಣೆಯನ್ನು ಪಡೆಯಿತು. ಅದು ಹೇಗೆ ಪಡೆಯಿತು, ಅದಕ್ಕಾಗಿ ಏನನ್ನು ತೆತ್ತಿತು ಎಂಬುದನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ರಾಯದುರ್ಗ ಸೀಮೆಯಲ್ಲಿ ಈ ಆಟಕ್ಕೆ ಎರಡು ಹೆಸರುಗಳು. ಕನ್ನಡ ಮಾತನಾಡುವ ಹುಡುಗರು ಕಬಡ್ಡಿ ಎನ್ನುತ್ತಿದ್ದರು. ತೆಲುಗು ಮಾತನಾಡುವ ಹುಡುಗರು ಚೆಡುಗುಡು ಎನ್ನುತ್ತಿದ್ದರು. ಮಡಕಶಿರಾ ಕಡೆಯ ರೊಳ್ಳ, ಅಗಳಿ, ಅಮರಾಪುರಗಳಲ್ಲಿಯೂ ಇದೇ ಸ್ಥಿತಿ. ಎರಡು ಭಾಷೆಯವರು ಒಂದೇ ಬಯಲಿನಲ್ಲಿ ಆಡುವಾಗ ಒಂದು ಪಕ್ಷದವನು ‘ಕಬಡ್ಡಿ ಕಬಡ್ಡಿ’ ಎಂದು ದಮ್ಮು ಹಿಡಿದು ಹೋದರೆ ಇನ್ನೊಂದು ಪಕ್ಷದವನು ‘ಚೆಡುಗುಡು ಚೆಡುಗುಡು’ ಎಂದು ಬರುತ್ತಿದ್ದ. ಯಾರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ. ತಮಿಳುನಾಡಿನಲ್ಲಿ ಇದು ಸಡುಗುಡು, ಮಹಾರಾಷ್ಟ್ರದಲ್ಲಿ ಹುತುತು, ಬಂಗಾಳದಲ್ಲಿ ಹಾಡುಡು. ಹೆಸರು ಹಲವಾದಂತೆ ನಿಯಮವೂ ಹಲವು.

ನಿಯಮಗಳ ಈ ಬಾಹುಳ್ಯ ಎಷ್ಟು ತೊಡಕಿನದೆಂಬುದನ್ನು ನಾವು ವಿದ್ಯಾರ್ಥಿಯಾಗಿದ್ದಾಗಲೇ ಅನುಭವಿಸಿದೆವು. ನಮ್ಮೂರಿಗೂ ಎರಡು ಹರದಾರಿ ದೂರದ ಇನ್ನೊಂದು ಊರಿಗೂ ಒಮ್ಮೆ ಪಂದ್ಯ ಏರ್ಪಟ್ಟಿತು. ನಮ್ಮ ಊರಿನ ಪದ್ಧತಿಯಲ್ಲಿ ಔಟಾದವನು ಹೊರಗೆ ಹೋಗಿ ಕುಳಿತುಕೊಳ್ಳಬೇಕು; ತನ್ನ ಪಕ್ಷದವರೆಲ್ಲ ಔಟಾಗಿ ಆಟ ಮತ್ತೆ ಮೊದಲಾಗುವವರೆಗೆ ಒಳಗೆ ಕಾಲಿಡುವಂತಿಲ್ಲ. ಆ ಊರಿನವರ ಪದ್ಧತಿಯಲ್ಲಿ ಎದುರಾಳಿಯೊಬ್ಬನನ್ನು ಹೊಡೆದರೆ ತಮ್ಮವನೊಬ್ಬನು ‘ಬದುಕಿ’ ಒಳಗೆ ಬರಬಹುದು. ಅವರ ಹುಡುಗ ಬದುಕಿ ಬಂದ ಕೂಡಲೇ ನಮ್ಮವರು ಮೋಸ ಮೋಸವೆಂದು ಕೂಗಿದರು. ಹುಣಸೆಮರದ ಕೆಳಗೆ ಒಂದು ಗಂಟೆಗೂ ಮಿಗಿಲಾಗಿ ವಾದ ನಡೆಯಿತು, ಹಿರಿಯರೂ ಸೇರಿಕೊಂಡರು. ಕಡೆಗೆ ಡ್ರಿಲ್ ಮೇಷ್ಟರು ಬಂದು, ಮೊದಲರ್ಧ ಒಂದು ಊರಿನ ನಿಯಮ, ಎರಡನೆಯ ಅರ್ಧ ಇನ್ನೊಂದು ಊರಿನ ನಿಯಮ ಎಂದು ತೀರ್ಪು ಕೊಟ್ಟರು. ಯಾವ ಊರು ಗೆದ್ದಿತೆಂಬುದು ಈಗ ನೆನಪಿಲ್ಲ. ಆ ತೀರ್ಪಿನ ನೆನಪು ಮಾತ್ರ ಉಳಿದಿದೆ.

ಬಹುಕಾಲದ ಮೇಲೆ ಶಿಕ್ಷಕ ತರಬೇತಿಯ ಪುಸ್ತಕದಲ್ಲಿ ಓದಿದಾಗ ತಿಳಿಯಿತು: ನಮ್ಮೂರಿನದು ‘ಗಾಮಿನಿ’ ಎಂಬ ಬಗೆ, ಅವರದು ‘ಸಂಜೀವಿನಿ’. ಇವೆರಡಲ್ಲದೆ ‘ಅಮರ’ ಎಂಬ ಮೂರನೆಯದೂ ಇತ್ತು. ಅದರಲ್ಲಿ ಔಟಾದವನು ಹೊರಗೆ ಹೋಗುವುದೇ ಇಲ್ಲ, ಎದುರು ಪಕ್ಷಕ್ಕೆ ಅಂಕ ಸೇರುತ್ತದೆ ಅಷ್ಟೆ. ಇಂದು ಜಗತ್ತೆಲ್ಲ ಆಡುವ ಕಬಡ್ಡಿ ಸಂಜೀವಿನಿಯ ಸಂತತಿ. ಅಂದಿನ ವಾದದಲ್ಲಿ ಚರಿತ್ರೆ ಆ ಊರಿನವರ ಪರವಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇವೆ.

ಅಂತರರಾಷ್ಟ್ರೀಯ ಮನ್ನಣೆ ಎಂದರೇನು ಎಂಬುದನ್ನು ವಿವರಿಸಲು ನಮ್ಮ ಆಟಕ್ಕೆ ಸಂಬಂಧವಿಲ್ಲದ ಒಂದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇವೆ. ನೀರಿನ ಅಭಾವಕ್ಕೆ ಹೆಸರಾದ ಅನಂತಪುರ ಜಿಲ್ಲೆಯವರು ಹಾಯಿದೋಣಿಯ ಮಾತೆತ್ತಿದರೆ ನಗು ಬರಬಹುದು. ಆದರೆ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದರಾಸ್ ಸ್ಯಾಪರ್ಸ್ ಸೈನಿಕರು ಹಾಯಿದೋಣಿ ನಡೆಸುವುದನ್ನು ನಮ್ಮವರಲ್ಲಿ ಅನೇಕರು ದಂಡೆಯಲ್ಲಿ ನಿಂತು ನೋಡಿರುತ್ತಾರೆ. ಪಂದ್ಯದ ದೋಣಿಗಳಲ್ಲಿ ‘ವರ್ಗ’ಗಳುಂಟು. ಒಬ್ಬನು ದೋಣಿಯೊಂದರ ನಕ್ಷೆಯನ್ನು ಸಿದ್ಧಮಾಡುತ್ತಾನೆ. ಅದರ ಉದ್ದ, ಅಗಲ, ತೂಕ, ಹಾಯಿಯ ಅಳತೆ ಎಲ್ಲವನ್ನೂ ಬರವಣಿಗೆಯಲ್ಲಿ ನಿಗದಿಮಾಡಲಾಗುತ್ತದೆ. ಪ್ರತಿಯೊಂದು ದೋಣಿಯನ್ನೂ ಅಳೆದು ಪ್ರಮಾಣಪತ್ರ ಕೊಡಲಾಗುತ್ತದೆ. ಹಲವು ದೇಶಗಳಲ್ಲಿ ಅಂಥ ದೋಣಿಗಳು ನೀರಿಗಿಳಿದು, ಅವುಗಳ ಒಡೆಯರು ಸಂಘ ಕಟ್ಟಿಕೊಂಡ ಮೇಲೆ, 1907ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಒಕ್ಕೂಟವು ಪರಿಶೀಲಿಸಿ ಆ ವರ್ಗಕ್ಕೆ ಮನ್ನಣೆ ನೀಡುತ್ತದೆ. ದೋಣಿಗಳು ಒಂದೇ ಅಳತೆಯವಾದಾಗ ತಾನೆ ಗೆಲುವು ದೋಣಿಯದೋ ನಡೆಸಿದವನದೋ ಎಂಬುದು ತೀರ್ಮಾನವಾಗುವುದು? 1982ರ ದಿಲ್ಲಿ ಏಷ್ಯನ್ ಕ್ರೀಡೆಗಳ ದೋಣಿ ಪಂದ್ಯಗಳು ಮುಂಬಯಿಯ ಸಮುದ್ರದಲ್ಲಿ ನಡೆದವು. ಅಲ್ಲಿ ಫೈರ್‌ಬಾಲ್ ಎಂಬ ವರ್ಗದಲ್ಲಿ ನಮ್ಮ ಫರೋಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಚಿನ್ನ ಗೆದ್ದರು. ಎಂಟರ್‌ಪ್ರೈಸ್ ಎಂಬ ವರ್ಗದಲ್ಲಿ ಚಿನ್ನ ಪಾಕಿಸ್ತಾನದ ಬೈರಾಮ್ ಆವರಿ, ಗೋಶ್ಪಿ ಆವರಿ ದಂಪತಿಗಳ ಪಾಲಾಯಿತು. ಅದೇ ಕ್ರೀಡೆಗಳಲ್ಲಿ ಕಬಡ್ಡಿ ಪ್ರದರ್ಶನಕ್ಕಾಗಿ ಮಾತ್ರ ಆಡಲ್ಪಟ್ಟಿತು, ಪದಕವಿಲ್ಲದೆ. ಇಂಗ್ಲೆಂಡಿನಲ್ಲಿ 1956ರಲ್ಲಿ ರೂಪುಗೊಂಡ ದೋಣಿಗೆ ದಿಲ್ಲಿಯ ಕ್ರೀಡೆಗಳಲ್ಲಿ ಪದಕವುಂಟು, ಭಾರತದ ಹಳ್ಳಿಹಳ್ಳಿಗಳಲ್ಲಿ ತಲೆತಲಾಂತರದಿಂದ ಬಂದ ಆಟಕ್ಕೆ ಇಲ್ಲ. ಅನ್ಯಾಯವೆಂದು ಅಂದು ನಮಗೂ ತೋರಿತ್ತು. ಆದರೆ ದೋಣಿಯವರು ಅಳತೆಯ ಕೆಲಸವನ್ನು ಮೊದಲೇ ಮಾಡಿ ಮುಗಿಸಿದ್ದರು. ನಾವು ತಡವಾಗಿ ಮಾಡಿದೆವು.

ಆ ಕೆಲಸಕ್ಕೆ ಮೊದಲು ಕೈಹಾಕಿದವರು ಮಹಾರಾಷ್ಟ್ರದವರು. 1921ರಲ್ಲಿ ಸಾತಾರದಲ್ಲಿ ಸಂಜೀವಿನಿ, ಗಾಮಿನಿ ಬಗೆಗಳನ್ನು ಆಧರಿಸಿ ಒಂದು ನಿಯಮಾವಳಿ ಸಿದ್ಧವಾಯಿತು. 1923ರಲ್ಲಿ ಬರೋಡಾದ ಹಿಂದ್ ವಿಜಯ್ ಜಿಮ್‌ಖಾನಾ ಆ ನಿಯಮಗಳನ್ನು ತಿದ್ದಿ ಅಚ್ಚುಹಾಕಿಸಿ, ಅವುಗಳ ಪ್ರಕಾರ ಪಂದ್ಯಾವಳಿಯನ್ನು ನಡೆಸಿತು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ತಂಡವು ಜರ್ಮನಿಗೆ ಹೋಗಿ ಭಾರತೀಯ ವ್ಯಾಯಾಮ ಪ್ರಕಾರಗಳೊಡನೆ ಈ ಆಟವನ್ನೂ ಆಡಿ ತೋರಿಸಿತು. ಅದರಿಂದ ಕೀರ್ತಿ ಬಂದಿತು, ಪಂದ್ಯ ಬರಲಿಲ್ಲ. ನೋಡಿ ಮೆಚ್ಚಿದ ಜರ್ಮನರು ಆಡಲಿಲ್ಲವಷ್ಟೆ. ಪರದೇಶದಲ್ಲಿ ಒಮ್ಮೆ ಕೈಚಪ್ಪಾಳೆ ಗಿಟ್ಟಿಸಿದರೆ ಮನ್ನಣೆ ದೊರೆತಂತೆಂದು ಭಾವಿಸುವ ಭ್ರಮೆ ನಮ್ಮವರಿಗೆ ಇಂದಿಗೂ ಪೂರ್ತಿಯಾಗಿ ಬಿಟ್ಟಿಲ್ಲ.

ಸ್ವಾತಂತ್ರ್ಯಾನಂತರ 1950ರಲ್ಲಿ ಅಖಿಲ ಭಾರತ ಕಬಡ್ಡಿ ಒಕ್ಕೂಟವು ಸ್ಥಾಪಿತವಾಯಿತು. ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ 1952ರಲ್ಲಿ ಮದರಾಸಿನಲ್ಲಿ ನಡೆಯಿತು. ರಾಯದುರ್ಗದವರಿಗೆ ಆಗ ಮದರಾಸೇ ರಾಜಧಾನಿ; ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮರು ವರ್ಷ, 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಉದಯಿಸಿದಾಗ ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳನ್ನು ಬಳ್ಳಾರಿಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಲಾಯಿತು. ಬಳ್ಳಾರಿಯು ಮೈಸೂರಿಗೆ ಹೋಯಿತು. ಆ ಪ್ರಕರಣದ ನೋವು ನಮ್ಮ ವಾಚಕರಿಗೆ ತಿಳಿದದ್ದೇ. ಇಲ್ಲಿ ಅದನ್ನು ವಿಸ್ತರಿಸುವುದಿಲ್ಲ. ಆಟಕ್ಕೆ ಸಂಬಂಧಿಸಿದಂತೆ ಆದದ್ದನ್ನು ಮಾತ್ರ ಹೇಳುತ್ತೇವೆ. ಕ್ರೀಡೆಯ ಆಡಳಿತವು ರಾಜ್ಯಾನುಸಾರಿಯಾದದ್ದು. ಡಿ. ಹಿರೇಹಾಳಿನ ಹುಡುಗನಿಗೆ ಬಳ್ಳಾರಿಯ ಬಯಲು ಹತ್ತಿರವಾದರೂ ಅವನು ಅನಂತಪುರ ಜಿಲ್ಲೆಯ ಪರವಾಗಿಯೇ ಆಡಬೇಕು. ಮಡಕಶಿರಾ ಕಡೆಯ ಹುಡುಗಿಯ ಮಾವನ ಮಗಳು ಪಾವಗಡದಲ್ಲಿದ್ದರೆ ಇಬ್ಬರೂ ಬೇರೆ ಬೇರೆ ರಾಜ್ಯಗಳ ಅಂಗಿ ತೊಡಬೇಕು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದ ಮೇಲೆ ರಾಯದುರ್ಗದವರೂ ಮಡಕಶಿರಾದವರೂ ಜಿಲ್ಲಾ ಮಟ್ಟದಲ್ಲಿಯೇ ಎದುರಾಳಿಗಳಾದರು. ನಮ್ಮ ಸಂಘದ ಸಭೆಯಲ್ಲಿ ಮಾತ್ರ ಇನ್ನೂ ಒಂದೇ ಪಕ್ಷ.

1955ರಲ್ಲಿ ಕಲ್ಕತ್ತೆಯಲ್ಲಿ ಮಹಿಳೆಯರ ರಾಷ್ಟ್ರೀಯ ಪಂದ್ಯಾವಳಿ ಮೊದಲಾಯಿತು. 1962ರಲ್ಲಿ ಶಾಲಾ ಕ್ರೀಡೆಗಳ ಪಟ್ಟಿಗೆ ಕಬಡ್ಡಿ ಸೇರಿತು. ಚರಿತ್ರೆ ಬರೆಯುವವರು ಬರ್ಲಿನ್ನನ್ನು ದೊಡ್ಡ ಅಕ್ಷರದಲ್ಲಿಯೂ ಈ 1962ನ್ನು ಸಣ್ಣ ಅಕ್ಷರದಲ್ಲಿಯೂ ಬರೆಯುತ್ತಾರೆ. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧ. ಚೆಂಡು ಬೇಡ, ಬ್ಯಾಟು ಬೇಡ, ಬಲೆ ಬೇಡ. ಸುಣ್ಣದ ಪುಡಿಯಿಲ್ಲದಿದ್ದರೆ ಒಲೆಯ ಬೂದಿಯಲ್ಲಿ ಗೆರೆ ಎಳೆದರೂ ಸಾಕು. ಇಂಥ ಆಟವು ಶಾಲೆಗಳ ಪಟ್ಟಿಗೆ ಬಂದುದರಿಂದ ದೇಶದ ಬಡ ಶಾಲೆಯೂ ಪಂದ್ಯಕ್ಕೆ ನಿಲ್ಲುವಂತಾಯಿತು. ಜೊತೆಗೆ, ಅಚ್ಚಾದ ನಿಯಮ ಪುಸ್ತಕವು ಡ್ರಿಲ್ ಮೇಷ್ಟರ ಕೈಸೇರಿತು. ಗಂಡಸರಿಗೆ 13 ಮೀಟರ್ ಉದ್ದ 10 ಮೀಟರ್ ಅಗಲದ ಅಂಗಣ, ಹೆಂಗಸರಿಗೆ 12 ಮತ್ತು 8. ಕಣದಲ್ಲಿ ಏಳು ಮಂದಿ, ಹೊರಗೆ ಕಾದಿರುವವರು ಐದು ಮಂದಿ. ಎದುರು ಪಕ್ಷವನ್ನೆಲ್ಲ ಹೊರಗಟ್ಟಿದರೆ ‘ಲೋನಾ’, ಅದಕ್ಕೆ ಹೆಚ್ಚಿನ ಎರಡು ಅಂಕ. ಒಂದು ತಲೆಮಾರಿನೊಳಗೆ ಊರೂರಿನ ಪದ್ಧತಿಗಳು ಮರೆಯಾದವು. ಹುಣಸೆಮರದ ಕೆಳಗಿನ ವಾದಗಳೂ ನಿಂತವು. ಚೆಡುಗುಡು ಎಂಬ ಉಚ್ಚಾರ ಶಾಲೆಯ ಬಯಲಿನಲ್ಲಿ ನಿಷಿದ್ಧವಾಯಿತು. ‘ಕಬಡ್ಡಿ’ ಎಂದು ಸ್ಪಷ್ಟವಾಗಿ ಹೇಳದಿದ್ದರೆ ತೀರ್ಪುಗಾರನು ಸೀಟಿ ಊದುತ್ತಾನೆ. ಕನ್ನಡದ ಮಕ್ಕಳಿಗೆ ಇದರಿಂದ ನಷ್ಟವೇನೂ ಆಗಲಿಲ್ಲ, ಹೆಸರು ನಮ್ಮದೇ ಉಳಿಯಿತಲ್ಲ ಎಂದು ಹಿಗ್ಗುವುದು ಸುಲಭ. ಆದರೆ ತನ್ನ ಭಾಷೆಯ ಶಬ್ದಕ್ಕೆ ಬಯಲಿನಲ್ಲಿ ಎಡೆ ತಪ್ಪಿದಾಗ ಆಗುವ ಸಂಕಟವನ್ನು ಗಡಿನಾಡ ಕನ್ನಡಿಗನಿಗಿಂತ ಚೆನ್ನಾಗಿ ಬಲ್ಲವರಾರು? ಆದಕಾರಣ ಈ ವಿಷಯದಲ್ಲಿ ನಮ್ಮ ತೆಲುಗು ಗೆಳೆಯರ ಬೇಸರ ನಮಗೆ ಅರ್ಥವಾಗುತ್ತದೆ.

ದೇಶದೊಳಗೆ ಅಳತೆ ಒಂದಾದ ಮೇಲೆ ನೆರೆಯವರನ್ನು ಒಳಗೊಳ್ಳುವ ಕಾರ್ಯ ಮೊದಲಾಯಿತು. 1974ರಲ್ಲಿ ಭಾರತದ ತಂಡ ಬಾಂಗ್ಲಾದೇಶಕ್ಕೆ ಪ್ರವಾಸ ಹೋಯಿತು. 1979ರಲ್ಲಿ ಅವರು ಇಲ್ಲಿಗೆ ಬಂದರು. ಬಾಂಗ್ಲಾದೇಶವು ಕಬಡ್ಡಿಯನ್ನು ತನ್ನ ರಾಷ್ಟ್ರೀಯ ಕ್ರೀಡೆಯೆಂದು ಸಾರಿರುವುದನ್ನು ವಾಚಕರು ಗಮನಿಸಬೇಕು. ಈ ಆಟ ಭಾರತದೊಂದರದೇ ಎಂಬ ಹಟ ಹಿಡಿದಿದ್ದರೆ ಮುಂದಿನ ಹೆಜ್ಜೆ ಸಾಧ್ಯವಾಗುತ್ತಿರಲಿಲ್ಲ. 1978ರಲ್ಲಿ ಭಿಲಾಯಿಯಲ್ಲಿ ಏಷ್ಯನ್ ಕಬಡ್ಡಿ ಒಕ್ಕೂಟವು ರೂಪುಗೊಂಡಿತು. 1980ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಏಷ್ಯನ್ ಚಾಂಪಿಯನ್‌ಷಿಪ್, 1982ರಲ್ಲಿ ದಿಲ್ಲಿಯಲ್ಲಿ ಪ್ರದರ್ಶನ, 1985ರಲ್ಲಿ ಢಾಕಾದ ದಕ್ಷಿಣ ಏಷ್ಯಾ ಕ್ರೀಡೆಗಳು. ಕಡೆಗೆ 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡೆಗಳಲ್ಲಿ ಕಬಡ್ಡಿಗೆ ಪದಕದ ಸ್ಥಾನ ಲಭಿಸಿತು. ಚಿನ್ನ ಭಾರತಕ್ಕೆ, ಬೆಳ್ಳಿ ಬಾಂಗ್ಲಾದೇಶಕ್ಕೆ, ಕಂಚು ಪಾಕಿಸ್ತಾನಕ್ಕೆ.

ಬೀಜಿಂಗ್‌ನಲ್ಲಿ ಇಡೀ ಭಾರತಕ್ಕೆ ದೊರೆತ ಚಿನ್ನ ಅದೊಂದೇ. ಹಾಕಿಯಿಂದ ಬರಲಿಲ್ಲ, ಓಟದಿಂದ ಬರಲಿಲ್ಲ, ಕುಸ್ತಿಯಿಂದ ಬರಲಿಲ್ಲ. ಬೂದಿಯ ಗೆರೆಯ ಆಟ ಅಂದು ದೇಶದ ಮಾನವನ್ನು ಉಳಿಸಿತು. ಆ ವಾರ್ತೆಯನ್ನು ನಾವು ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಓದಿದಾಗ ಹಿಂದಿನ ಸಾಲಿನ ಹುಡುಗರು ಎದ್ದು ನಿಂತು ಕೂಗಿದುದು ಇನ್ನೂ ಕಿವಿಯಲ್ಲಿದೆ. ಕ್ರಿಕೆಟಿನ ಮೋಹದಿಂದ ಕಬಡ್ಡಿಯನ್ನು ಹಳ್ಳಿಗಾಡಿನ ಆಟವೆಂದು ಹಗುರವಾಗಿ ಕಾಣುತ್ತಿದ್ದ ಪೋಷಕರು ಅಂದಿನಿಂದ ಆ ಮಾತನ್ನು ಆಡಲಿಲ್ಲ.

ಮನ್ನಣೆಗಾಗಿ ಆಟವು ಬದಲಾಗಲೇಬೇಕಾಯಿತು. ಹಿಂದೆ ದಾಳಿ ಮಾಡುವವನ ಕಾಲಮಿತಿ ಅವನ ಉಸಿರೇ ಆಗಿತ್ತು. ಈಗ 30 ಸೆಕೆಂಡು. ದೂರದ ದೇಶದ ಪ್ರೇಕ್ಷಕನಿಗೆ ದಮ್ಮು ಮುರಿಯಿತೋ ಇಲ್ಲವೋ ಎಂಬುದು ಕೇಳಿಸದು, ಗಡಿಯಾರವಾದರೆ ಕಾಣಿಸುತ್ತದೆ. ಈ ಬದಲಾವಣೆಯ ತರ್ಕವನ್ನು ಒಪ್ಪುತ್ತೇವೆ, ಮನಸ್ಸು ಮಾತ್ರ ಒಪ್ಪದು. ಶರೀರದಲ್ಲಿ ಸಣ್ಣವನಾದರೂ ಪುಪ್ಪುಸದ ಬಲದಿಂದ ಎದುರಾಳಿಗಳನ್ನು ದಣಿಸುತ್ತಿದ್ದ ಹುಡುಗನಿಗೆ ಹಳೆಯ ಆಟದಲ್ಲಿ ಒಂದು ಸ್ಥಾನವಿತ್ತು. ಇಂದು 85 ಕಿಲೋ ತೂಕದವರೆಗಿನ ಗಂಡಸರು ಆಡಬಹುದಾದ ಕಣದಲ್ಲಿ ಆ ಹುಡುಗನಿಗೆ ಜಾಗ ಹುಡುಕಬೇಕು. ಮಣ್ಣಿನ ಬದಲಿಗೆ ಚಾಪೆಯಂಥ ಹಾಸು ಬಂದಿದೆ. ಬರಿಗಾಲು ಹೋಗಿ ಬೂಟು ಬಂದಿದೆ. ಮಂಡಿ ತರಚುವುದು ಕಡಿಮೆಯಾಯಿತು, ನಿಜ. ಆದರೆ ಮಣ್ಣಿನಲ್ಲಿ ಕಲಿತ ಕಾಲು ಹಾಸಿನ ಮೇಲೆ ಜಾರುತ್ತದೆ. ಹಾಸಿನ ಬೆಲೆ ಹಳ್ಳಿಯ ಶಾಲೆಗೆ ಎಟುಕುವಂಥದಲ್ಲ. ಸಾಮಗ್ರಿಯೇ ಬೇಡವೆಂಬುದು ಯಾವ ಆಟದ ಹಿರಿಮೆಯಾಗಿತ್ತೋ ಆ ಆಟಕ್ಕೆ ಈಗ ಸಾಮಗ್ರಿ ಬೇಕು.

ಮಹಿಳೆಯರಿಗೆ ನ್ಯಾಯ ದೊರೆಯಲು ಇನ್ನೂ 20 ವರ್ಷ ಹಿಡಿಯಿತು. 1955ರಿಂದಲೇ ರಾಷ್ಟ್ರೀಯ ಪಂದ್ಯಾವಳಿಗಳನ್ನು ಆಡುತ್ತಿದ್ದ ನಮ್ಮ ಹೆಣ್ಣುಮಕ್ಕಳಿಗೆ ಏಷ್ಯನ್ ಕ್ರೀಡೆಗಳ ಬಾಗಿಲು ತೆರೆದುದು 2010ರಲ್ಲಿ, ಗುವಾಂಗ್‌ಜೌನಲ್ಲಿ. ಅಲ್ಲಿಯೂ 2014ರಲ್ಲಿ ಇಂಚನ್‌ನಲ್ಲಿಯೂ ಚಿನ್ನ ಗೆದ್ದ ತಂಡಗಳಲ್ಲಿ ಇಬ್ಬರು ಕನ್ನಡತಿಯರಿದ್ದರು. ಬೆಂಗಳೂರಿನ ತೇಜಸ್ವಿನಿ ಬಾಯಿಗೆ 2011ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಗೆ 2014ರಲ್ಲಿ. 2012ರಲ್ಲಿ ಪಾಟ್ನಾದಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ಪಿನಲ್ಲಿ ಭಾರತವನ್ನು ಗೆಲುವಿನತ್ತ ನಡೆಸಿದ ನಾಯಕಿ ಈ ಮಮತಾ. ತುಳುನಾಡಿನ ಹಳ್ಳಿಯೊಂದರ ಈ ಹೆಣ್ಣುಮಗಳು ಉದ್ಯೋಗ ಮಾಡಿದ್ದು ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಯಲ್ಲಿ. ಕನ್ನಡನಾಡಿನಲ್ಲಿ ಹುಟ್ಟಿ ತೆಲುಗುನಾಡಿನ ಅನ್ನ ಉಣ್ಣುವುದು ನಮಗೆ ಪರಿಚಿತವಾದ ಬದುಕೇ ಆದುದರಿಂದ ಈ ವಿವರವನ್ನು ವಿಶೇಷವಾಗಿ ದಾಖಲಿಸುತ್ತೇವೆ.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲಿನ ಸಂಗತಿಗಳನ್ನು ವಾಚಕರ ಮೊಮ್ಮಕ್ಕಳು ನಮಗಿಂತ ಚೆನ್ನಾಗಿ ಹೇಳಬಲ್ಲರು. ಬೆಂಗಳೂರು ಬುಲ್ಸ್ ತಂಡ 2019ರ ಜನವರಿಯಲ್ಲಿ ಪ್ರಶಸ್ತಿ ಗೆದ್ದಿತು. ಕನ್ನಡಿಗರಾದ ಅರ್ಜುನ ಪ್ರಶಸ್ತಿ ವಿಜೇತ ಬಿ. ಸಿ. ರಮೇಶ್ ಅವರು ತರಬೇತುದಾರರಾಗಿ ಬಂಗಾಳದ ತಂಡವನ್ನು 2019ರಲ್ಲಿಯೂ ಪುಣೆಯ ತಂಡವನ್ನು 2024ರಲ್ಲಿಯೂ ಗೆಲ್ಲಿಸಿದರು. ಇರಾನ್, ದಕ್ಷಿಣ ಕೊರಿಯಾ ದೇಶಗಳ ಆಟಗಾರರು ಇಲ್ಲಿಗೆ ಬಂದು ಆಡಿ, ಕಲಿತು, ಹಣ ಗಳಿಸಿ ಹೋದರು.

ಅವರು ಕಲಿತದ್ದು ವ್ಯರ್ಥವಾಗಲಿಲ್ಲ. 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ದಕ್ಷಿಣ ಕೊರಿಯಾ ಭಾರತವನ್ನು 24–23ರಿಂದ ಸೋಲಿಸಿತು. ಸೆಮಿಫೈನಲಿನಲ್ಲಿ ಇರಾನ್ 27–18ರಿಂದ ಸೋಲಿಸಿತು. 1990ರಿಂದ ಏಳು ಬಾರಿ ಸತತವಾಗಿ ಗೆದ್ದ ಚಿನ್ನ ಕೈತಪ್ಪಿತು. ಮಹಿಳೆಯರ ಫೈನಲಿನಲ್ಲಿಯೂ ಇರಾನ್ 27–24ರಿಂದ ಗೆದ್ದಿತು. ಆ ಇರಾನಿ ಹೆಣ್ಣುಮಕ್ಕಳಿಗೆ ಆಟ ಕಲಿಸಿದವರು ನಾಶಿಕದ ಶೈಲಜಾ ಜೈನ್. ಆ ದಿನ ಊರಿನಲ್ಲಿ ಹಲವರು ಅವರನ್ನು ನಿಂದಿಸಿದರು. ನಾವು ನಿಂದಿಸಲಾರೆವು. ಪರರು ನಮ್ಮನ್ನು ಸೋಲಿಸಬಲ್ಲರೆಂದಾದ ದಿನವೇ ಆಟವು ನಿಜಕ್ಕೂ ಅಂತರರಾಷ್ಟ್ರೀಯವಾದುದು. ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ಹಿರಿಯರು ಹೇಳಿದ್ದನ್ನು ತರಗತಿಯಲ್ಲಿ ಎಷ್ಟೋ ಬಾರಿ ಬೋಧಿಸಿದ್ದೇವೆ. ಅನುಭವಿಸುವುದು ಬೋಧಿಸಿದಷ್ಟು ಸುಲಭವಲ್ಲವೆಂದು ಅಂದು ತಿಳಿಯಿತು.

ಒಲಿಂಪಿಕ್ಸ್ ಇನ್ನೂ ದೂರವಿದೆ. ಬಹುಕಾಲ ಅಲ್ಲಿದ್ದ ನಿಯಮದಂತೆ ಪುರುಷರ ಆಟವೊಂದು ಕನಿಷ್ಠ 75 ದೇಶಗಳಲ್ಲಿ, ನಾಲ್ಕು ಖಂಡಗಳಲ್ಲಿ ವ್ಯಾಪಕವಾಗಿ ಆಡಲ್ಪಡಬೇಕಾಗಿತ್ತು. 2016ರಲ್ಲಿ ಅಹಮದಾಬಾದಿನ ವಿಶ್ವಕಪ್ಪಿಗೆ ಬಂದ ತಂಡಗಳು 12. ಕಬಡ್ಡಿಯ ಹಾದಿಯಲ್ಲಿಯೇ ಈಗ ಖೋ ಖೋ ಹೊರಟಿದೆ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಅದರ ಮೊದಲ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಅದರ ಚರಿತ್ರೆಯನ್ನು ನಮಗಿಂತ ಕಿರಿಯರು ಬರೆಯಲಿ.

2023ರ ಅಕ್ಟೋಬರ್ 7ರಂದು ಚೀನಾದ ಹಾಂಗ್‌ಜೌನಲ್ಲಿ ನಮ್ಮ ಮಹಿಳೆಯರು ಚೀನೀ ತೈಪೆಯನ್ನು 26–25ರಿಂದ, ಒಂದೇ ಅಂಕದಿಂದ, ಗೆದ್ದರು. ಆ ಕ್ರೀಡೆಗಳಲ್ಲಿ ಭಾರತದ ನೂರನೆಯ ಪದಕವೆಂದು ಎಣಿಸಲಾದುದು ಅದೇ. ಅಂದೇ ಪುರುಷರ ಫೈನಲಿನಲ್ಲಿ ಭಾರತ ಮತ್ತು ಇರಾನ್ 28–28ರಲ್ಲಿ ಸಮವಾಗಿದ್ದವು. ಉಳಿದಿದ್ದುದು ಒಂದೆರಡು ನಿಮಿಷ. ನಮ್ಮ ಪವನ್ ಸೆಹ್ರಾವತ್ ದಾಳಿಗೆ ಹೋಗಿ ಯಾರನ್ನೂ ಮುಟ್ಟದೆ ಅಂಚಿನ ಪಟ್ಟಿಗೆ ಕಾಲಿಟ್ಟರು; ಅವರನ್ನು ಹಿಡಿಯಲು ಇರಾನಿಗರೂ ಹಿಂದೆಯೇ ಆ ಪಟ್ಟಿಗೆ ನುಗ್ಗಿದರು. ಹಳೆಯ ನಿಯಮದ ಪ್ರಕಾರ ಅವರೂ ಔಟು. ಹೊಸ ನಿಯಮದ ಪ್ರಕಾರ ದಾಳಿ ಮಾಡಿದವನೊಬ್ಬನೇ ಔಟು. ಯಾವ ನಿಯಮ ಸಲ್ಲಬೇಕು? ತೀರ್ಪುಗಾರರು ಒಮ್ಮೆ ಒಂದು ಹೇಳಿದರು, ಮತ್ತೊಮ್ಮೆ ಇನ್ನೊಂದು ಹೇಳಿದರು. ಆಟಗಾರರು ಅಂಗಣದಲ್ಲಿಯೇ ಕುಳಿತುಬಿಟ್ಟರು. ಪಂದ್ಯ ಸುಮಾರು ಒಂದು ಗಂಟೆ ನಿಂತಿತು. ಕಡೆಗೆ ಭಾರತ 33–29ರಿಂದ ಗೆದ್ದಿತೆಂಬುದು ಎಲ್ಲರಿಗೂ ಗೊತ್ತು. ಆ ಒಂದು ಗಂಟೆಯ ಕಾಲ ದೂರದರ್ಶನದ ಮುಂದೆ ಕುಳಿತಿದ್ದ ನಮ್ಮ ಕಣ್ಣಿಗೆ ಕಟ್ಟಿದ್ದು ಹುಣಸೆಮರದ ನೆರಳಿನಲ್ಲಿ ಸೀಟಿ ಹಿಡಿದು ನಿಂತಿದ್ದ ನಮ್ಮ ಡ್ರಿಲ್ ಮೇಷ್ಟರು.